ನಿಯಮ ಇಲ್ಲ ಎಂದರೆ ನಿಷೇಧವೇ? ಬೆಂಗಳೂರಿನ ಬೈಕ್ ಟ್ಯಾಕ್ಸಿ ಪ್ರಕರಣ

2025ರ ಜೂನ್ 16, ಸೋಮವಾರ. ಬೆಂಗಳೂರಿನಲ್ಲಿ ಬೈಕ್ ಟ್ಯಾಕ್ಸಿ ನಿಂತಿತು. ಆ್ಯಪ್ ತೆರೆದರೆ ಆಟೊ ಇತ್ತು, ಕಾರ್ ಇತ್ತು, ಬೈಕ್ ಇರಲಿಲ್ಲ. ಕೆಲವು ಆ್ಯಪ್‌ಗಳಲ್ಲಿ ಅದೇ ಬೈಕ್ ‘ಪಾರ್ಸೆಲ್’ ಅನ್ನೋ ಹೆಸರಿನಲ್ಲಿ ಕಾಣಿಸಿಕೊಂಡಿತು. ಸಾಮಾನು ಕೂರಿಸಿಕೊಂಡು ಹೋದರೆ ಸರಿ, ಮನುಷ್ಯರನ್ನು ಕೂರಿಸಿಕೊಂಡು ಹೋದರೆ ತಪ್ಪು ಎನ್ನುವ ಸ್ಥಿತಿ.

ಇದಕ್ಕೆ ಮುಂಚೆ ವಿಧಾನಸಭೆ ಬೈಕ್ ಟ್ಯಾಕ್ಸಿ ನಿಷೇಧಿಸುವ ಕಾಯ್ದೆಯನ್ನೇನೂ ಮಾಡಿರಲಿಲ್ಲ. ಸಂಸತ್ತೂ ಮಾಡಿರಲಿಲ್ಲ. ಬಾಡಿಗೆಗೆ ಬೈಕ್ ಓಡಿಸಬಾರದು ಎನ್ನುವ ಒಂದು ಸಾಲು ಯಾವ ಕಾನೂನಿನಲ್ಲೂ ಇರಲಿಲ್ಲ. ಸರ್ಕಾರ ಇದಕ್ಕೆ ನಿಯಮ ಮಾಡಿಲ್ಲ, ಅದಕ್ಕೇ ಓಡಿಸುವಂತಿಲ್ಲ. ಇಷ್ಟೇ ಕಾರಣ.

ನಮ್ಮಲ್ಲಿ ಆರ್ಥಿಕ ಸ್ವಾತಂತ್ರ್ಯದ ಮಾತು ಬಂದರೆ ದೊಡ್ಡ ಕಂಪನಿ, ದೊಡ್ಡ ತೆರಿಗೆ, ದೊಡ್ಡ ವಕೀಲರು ನೆನಪಾಗುತ್ತಾರೆ. ಈ ಪ್ರಕರಣದಲ್ಲೂ ಅವರೆಲ್ಲ ಇದ್ದಾರೆ. ಆದರೆ ಅದರ ತಿರುಳು ಬೇರೆ ಕಡೆ ಇದೆ. ಒಬ್ಬ ಮನುಷ್ಯನಿಗೆ ಸ್ವಂತ ಗಾಡಿ ಇದೆ, ಲೈಸೆನ್ಸ್ ಇದೆ, ಎರಡು ಗಂಟೆ ಬಿಡುವಿದೆ. ಇಷ್ಟು ಇಟ್ಟುಕೊಂಡು ನಾಲ್ಕು ಕಾಸು ದುಡಿಯುವುದಕ್ಕೆ ಅವನು ಸರ್ಕಾರದ ಒಪ್ಪಿಗೆ ಬರುವ ತನಕ ಕಾಯಬೇಕಾ? ಇಲ್ಲ, ಅವನನ್ನು ತಡೆಯಬೇಕು ಅಂತಿದ್ದರೆ ಸರ್ಕಾರವೇ ಕಾನೂನು ತೋರಿಸಬೇಕಾ? ಎರಡನೆಯದೇ ಸರಿ ಎಂದು ನಾನು ನಂಬಿದ್ದೇನೆ. ನಮ್ಮ ಸಂವಿಧಾನವೂ ಅದನ್ನೇ ಹೇಳುತ್ತದೆ. ಹೈಕೋರ್ಟ್ ಆ ಮಾತಿಗೆ ಬಂದು ತಲುಪಿದ ದಾರಿ ಉದ್ದವಾಗಿತ್ತು, ತಿರುವುಗಳೂ ಜಾಸ್ತಿ ಇದ್ದವು.

ವೈಟ್ ಬೋರ್ಡ್, ಯೆಲ್ಲೋ ಬೋರ್ಡ್

ಮೊದಲು ಕಾನೂನು ಏನಿತ್ತು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಗಳು ಎರಡು ಥರ. ಸ್ವಂತ ಓಡಾಟಕ್ಕೆ ಇಟ್ಟುಕೊಂಡದ್ದು ಒಂದು, ಬಾಡಿಗೆಗೆ ಓಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಬಿಳಿ ನಂಬರ್ ಪ್ಲೇಟ್, ಎರಡನೆಯದಕ್ಕೆ ಹಳದಿ. ಬಾಡಿಗೆ ಗಾಡಿ ಓಡಿಸಲು ಪರ್ಮಿಟ್ ಬೇಕು, 66ನೇ ಸೆಕ್ಷನ್ ಅದನ್ನು ಹೇಳುತ್ತದೆ. ಪರ್ಮಿಟ್ ಇಲ್ಲದೆ ಓಡಿಸಿದರೆ ದಂಡ, ಗಾಡಿ ಸೀಜ್.

ಹಾಗಾದರೆ ಬೈಕಿಗೆ ಹಳದಿ ಬೋರ್ಡ್ ಹಾಕಬಹುದಾ? ಹಾಕಬಹುದು. 2004ರ ನವೆಂಬರ್ 5ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಯಾವ್ಯಾವ ಗಾಡಿ ಸಾರಿಗೆ ವಾಹನ ಅನ್ನೋ ಪಟ್ಟಿ ಇದೆ. ಹಿಂದಿನ ಸೀಟಿನಲ್ಲಿ ಒಬ್ಬ ಪ್ರಯಾಣಿಕನನ್ನು ಬಾಡಿಗೆಗೆ ಕರೆದೊಯ್ಯುವ ಮೋಟಾರ್ ಸೈಕಲ್ ಆ ಪಟ್ಟಿಯಲ್ಲಿದೆ. ಗೋವಾದಲ್ಲಿ ಇದು ದಶಕಗಳಿಂದ ನಡೆಯುತ್ತಿರುವ ವೃತ್ತಿ. ಅಲ್ಲಿ ಅವರನ್ನು ಪೈಲಟ್ ಅನ್ನುತ್ತಾರೆ. ಬಸ್ ಸ್ಟ್ಯಾಂಡ್ ಹತ್ತಿರ ಸಾಲಾಗಿ ನಿಂತಿರುತ್ತಾರೆ. ಅವರ ಗಾಡಿಗೆ ಹಳದಿ ಗುರುತಿರುತ್ತದೆ, ಪರ್ಮಿಟ್ ಇರುತ್ತದೆ.

ಬೆಂಗಳೂರಿನಲ್ಲಿ ತೊಡಕು ಶುರುವಾದದ್ದು ಕೌಂಟರ್‌ನಲ್ಲಿ. ಒಬ್ಬ ಹುಡುಗ ಆರ್‌ಟಿಒ ಆಫೀಸಿಗೆ ಹೋದ ಅಂದುಕೊಳ್ಳಿ. “ಸಾರ್, ಈ ಗಾಡೀನ ಟ್ಯಾಕ್ಸಿ ಅಂತ ರಿಜಿಸ್ಟ್ರೇಷನ್ ಮಾಡಿಕೊಡಿ” ಅಂತ ಕೇಳಿದ. “ಬೈಕಿಗೆಲ್ಲ ಪಾಲಿಸಿ ಇಲ್ಲಪ್ಪ, ಆಗಲ್ಲ” ಅಂತ ಉತ್ತರ ಬಂತು. ಹೊರಗೆ ಬಂದು ಬಿಳಿ ಬೋರ್ಡಲ್ಲೇ ಓಡಿಸಿದರೆ, ಹಳದಿ ಬೋರ್ಡ್ ಯಾಕಿಲ್ಲ ಅಂತ ಗಾಡಿ ಹಿಡಿಯುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಕಾಯ್ದೆ ಬಾಗಿಲು ತೆರೆದಿತ್ತು, ಬಾಗಿಲ ಹತ್ತಿರ ಕೂತವರು ಒಳಗೆ ಬಿಡಲಿಲ್ಲ. ಒಳಗೆ ಬರದಿದ್ದದ್ದೇ ತಪ್ಪು ಅಂತ ಮತ್ತೆ ದಂಡ.

ಈ ಒಂದು ಸುತ್ತು ಅರ್ಥವಾದರೆ ಇಡೀ ಪ್ರಕರಣ ಅರ್ಥವಾದ ಹಾಗೆ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಹೊಡೆಯುವುದು ತಪ್ಪೇ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಸರಿಯಾದ ದಾರಿಯಲ್ಲಿ ಹೋಗುತ್ತೇನೆ ಎಂದವನಿಗೂ ದಾರಿ ಇರಲಿಲ್ಲ.

ಊರಿಗೆ ಇದು ಯಾಕೆ ಬೇಕಾಯಿತು

ಬೆಂಗಳೂರಿನಲ್ಲಿ ಓಡಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ನಾಗಸಂದ್ರದಲ್ಲಿ ಮೆಟ್ರೊ ಇಳಿದರೆ ಪೀಣ್ಯದ ಕೈಗಾರಿಕಾ ಪ್ರದೇಶದ ಒಳಗೆ ಕಾರ್ಖಾನೆ ಇರುತ್ತದೆ. ನಡೆದರೆ ದೂರ, ಬಸ್ಸಿಗೆ ಕಾದರೆ ಹೊತ್ತಾಗುತ್ತದೆ. ವೈಟ್‌ಫೀಲ್ಡ್ ಕಡೆಯೂ ಹೀಗೇ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮೇಲೆ ರೈಲು ಓಡಿತು. ಆದರೆ ನಿಲ್ದಾಣದಿಂದ ಮನೆ ಬಾಗಿಲಿನ ತನಕದ ಆ ಕೊನೆಯ ಎರಡು ಮೂರು ಕಿಲೋಮೀಟರ್ ಹಾಗೇ ಉಳಿದುಕೊಂಡಿತು. ಆಟೊದ ಕನಿಷ್ಠ ದರ ಆಗ ತಾನೇ, ಆಗಸ್ಟ್ 1ರಿಂದ, 30 ರೂಪಾಯಿಯಿಂದ 36ಕ್ಕೆ ಏರಿತ್ತು. ಆ ವರ್ಷ ಫೆಬ್ರುವರಿಯಲ್ಲಿ ಮೆಟ್ರೊ ದರವೂ ಏರಿತ್ತು. ತಿಂಗಳಿಗೆ ಹದಿನೈದು ಸಾವಿರ ಸಂಬಳ ಎಣಿಸುವವರಿಗೆ ದಿನಕ್ಕೆ ಹೋಗಿ ಬರುವ ಖರ್ಚಿನಲ್ಲಿ ಇಪ್ಪತ್ತು ರೂಪಾಯಿ ಉಳಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಇನ್ನು ಓಡಿಸುವವರು. ಇದಕ್ಕೆ ಬೇಕಾದ ಬಂಡವಾಳ ಒಂದು ಬೈಕ್, ಒಂದು ಹೆಲ್ಮೆಟ್, ಒಂದು ಫೋನ್. ಅಂಗಡಿ ಇಡಲು ಬೇಕಾದ ಅಡ್ವಾನ್ಸ್ ಬೇಡ. ಊರಿನಿಂದ ಹೊಸದಾಗಿ ಬಂದವನು ಮೊದಲ ಸಂಬಳ ಬರುವ ತನಕ ಇದರಲ್ಲಿ ಹೊಟ್ಟೆ ಹೊರೆದುಕೊಳ್ಳಬಹುದು. ಕಾಲೇಜಿನ ಹುಡುಗ ಸಂಜೆ ಹೊತ್ತು ಪೆಟ್ರೋಲ್ ಖರ್ಚಿಗೆ, ಫೀಸಿಗೆ ಮಾಡಿಕೊಳ್ಳಬಹುದು. ಇಷ್ಟು ಕಡಿಮೆ ದುಡ್ಡಿನಲ್ಲಿ ಶುರು ಮಾಡಬಹುದಾದ ಕಾನೂನುಬದ್ಧ ದುಡಿಮೆ ಈ ಊರಿನಲ್ಲಿ ಎಷ್ಟಿದೆ ಹೇಳಿ? ಬಡವರ ಆರ್ಥಿಕ ಸ್ವಾತಂತ್ರ್ಯ ಅಂದರೆ ನನ್ನ ಮಟ್ಟಿಗೆ ಇದೇ.

ಕೋರ್ಟಿನಲ್ಲಿ ನಡೆದದ್ದು

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಆ್ಯಪ್ ಮೂಲಕ ಪ್ರಯಾಣಿಕರನ್ನೂ ಚಾಲಕರನ್ನೂ ಸೇರಿಸುವ ಕಂಪನಿಗಳನ್ನು ‘ಅಗ್ರಿಗೇಟರ್’ ಎಂದು ಗುರುತಿಸಿ, 93ನೇ ಸೆಕ್ಷನ್ ಅಡಿಯಲ್ಲಿ ಅವಕ್ಕೆ ರಾಜ್ಯದ ಲೈಸೆನ್ಸ್ ಬೇಕು ಎಂದರು. 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು. ಬರೀ ಎಲೆಕ್ಟ್ರಿಕ್ ಬೈಕ್, ಅದೂ ಹತ್ತು ಕಿಲೋಮೀಟರ್ ಒಳಗಿನ ಓಡಾಟಕ್ಕೆ. ಪೆಟ್ರೋಲ್ ಬೈಕ್ ಇದ್ದವರಿಗೆ ಅದರಲ್ಲಿ ಏನೂ ಇರಲಿಲ್ಲ. ರ‍್ಯಾಪಿಡೊ, ಊಬರ್, ಓಲಾ ಕಂಪನಿಗಳು ಹೈಕೋರ್ಟಿಗೆ ಹೋದವು. ಮಧ್ಯಂತರ ಆದೇಶದ ನೆರಳಿನಲ್ಲಿ ಬೈಕ್‌ಗಳು ಓಡುತ್ತಾ ಇದ್ದವು.

2024ರ ಮಾರ್ಚ್‌ನಲ್ಲಿ ಸರ್ಕಾರ ಆ ಎಲೆಕ್ಟ್ರಿಕ್ ಯೋಜನೆಯನ್ನೂ ಹಿಂದಕ್ಕೆ ತೆಗೆದುಕೊಂಡಿತು. ಖಾಸಗಿ ಬೈಕ್‌ಗಳು ದುರ್ಬಳಕೆ ಆಗುತ್ತಿವೆ, ಆಟೊ ಮತ್ತು ಕ್ಯಾಬ್ ಚಾಲಕರ ಜೊತೆ ಜಗಳ ನಡೆಯುತ್ತಿದೆ, ಹೆಣ್ಣುಮಕ್ಕಳ ಸುರಕ್ಷತೆಗೆ ತೊಂದರೆ ಇದೆ ಎಂಬ ಕಾರಣಗಳನ್ನು ಕೊಟ್ಟಿತು. ಅಲ್ಲಿಗೆ ರಾಜ್ಯದಲ್ಲಿ ಬೈಕ್ ಟ್ಯಾಕ್ಸಿ ಬಗ್ಗೆ ಒಂದು ನಿಯಮವೂ ಉಳಿಯಲಿಲ್ಲ.

2025ರ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠದ ನ್ಯಾಯಮೂರ್ತಿ ಬಿ.ಎಂ. ಶ್ಯಾಮ್ ಪ್ರಸಾದ್ ತೀರ್ಪು ಕೊಟ್ಟರು. 93ನೇ ಸೆಕ್ಷನ್ ಅಡಿ ರಾಜ್ಯ ಮಾರ್ಗಸೂಚಿ ಮತ್ತು ನಿಯಮ ತರುವ ತನಕ ಈ ಕಂಪನಿಗಳು ಬೈಕ್ ಟ್ಯಾಕ್ಸಿ ನಡೆಸುವಂತಿಲ್ಲ. ಬೈಕ್‌ಗಳನ್ನು ಸಾರಿಗೆ ವಾಹನವಾಗಿ ನೋಂದಾಯಿಸಿ, ಪರ್ಮಿಟ್ ಕೊಡಿ ಎಂದು ಸಾರಿಗೆ ಇಲಾಖೆಗೆ ಹೇಳಲೂ ಆಗದು. ನಿಲ್ಲಿಸಲು ಆರು ವಾರ ಸಮಯ ಸಿಕ್ಕಿತು. ಆಮೇಲೆ ಅದು ಜೂನ್ 15ರವರೆಗೆ ಮುಂದಕ್ಕೆ ಹೋಯಿತು.

ಕಂಪನಿಗಳು, ಬೈಕ್ ಮಾಲೀಕರು ಮೇಲ್ಮನವಿ ಹಾಕಿದರು. ಜೂನ್ 13ರಂದು ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಆ ತೀರ್ಪಿಗೆ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಬೈಕ್ ಟ್ಯಾಕ್ಸಿಗೆ ನಿಯಮ ಮಾಡುವುದಿಲ್ಲ ಎಂದೇ ತೀರ್ಮಾನಿಸಿದ್ದೇವೆ ಎಂದು ರಾಜ್ಯ ಕೋರ್ಟಿಗೆ ತಿಳಿಸಿತ್ತು. ಮೂರು ದಿನದ ನಂತರ ಬೈಕ್‌ಗಳು ನಿಂತವು.

ಜುಲೈ 1ರಂದು ಕೇಂದ್ರ ಸರ್ಕಾರ ಹೊಸ ಅಗ್ರಿಗೇಟರ್ ಮಾರ್ಗಸೂಚಿ ಹೊರಡಿಸಿತು. ರಾಜ್ಯಗಳು ಬಯಸಿದರೆ ಖಾಸಗಿ ನೋಂದಣಿಯ ಬೈಕ್‌ಗಳಿಗೂ ಪ್ರಯಾಣಿಕರನ್ನು ಕರೆದೊಯ್ಯಲು ಅನುಮತಿ ಕೊಡಬಹುದು ಎಂದಿತು. ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ವಿಭು ಬಖ್ರು ಮತ್ತು ನ್ಯಾಯಮೂರ್ತಿ ಸಿ.ಎಂ. ಜೋಶಿ ಅವರ ಪೀಠ, ಈ ವಿಷಯವನ್ನು ಉನ್ನತ ಮಟ್ಟದಲ್ಲಿ ಯೋಚಿಸಿ ಎಂದು ಸರ್ಕಾರಕ್ಕೆ ಹೇಳಿತು. ಮರುದಿನವೇ ಬೈಕ್‌ಗಳು ಆ್ಯಪ್‌ಗೆ ವಾಪಸ್ ಬಂದವು. ನಾವು ಅನುಮತಿ ಕೊಟ್ಟಿಲ್ಲ ಎಂದು ಕೋರ್ಟ್ ಸ್ಪಷ್ಟ ಮಾಡಬೇಕಾಯಿತು. ಹಾಗಾಗಿ ಓಡುತ್ತಿದ್ದರೂ ಕಾನೂನಿನ ಕಣ್ಣಿನಲ್ಲಿ ನಿಂತೇ ಇತ್ತು. ಸವಾರನಿಗೆ ಇವತ್ತು ಡ್ಯೂಟಿ ಸಿಗುತ್ತದೆ, ನಾಳೆ ಗಾಡಿ ಸ್ಟೇಷನ್ ಮುಂದೆ ನಿಂತಿರುತ್ತದೋ ಗೊತ್ತಿಲ್ಲ.

ವಿಧಾನಸೌಧಕ್ಕೂ ಹೈಕೋರ್ಟಿನ ಅಠಾರಾ ಕಚೇರಿಗೂ ನಡುವೆ ಇರುವುದು ಒಂದು ರಸ್ತೆ. ಆ ರಸ್ತೆ ದಾಟಲು ಈ ಪ್ರಶ್ನೆಗೆ ನಾಲ್ಕು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಹಕ್ಕು ಮೊದಲೋ, ಅನುಮತಿ ಮೊದಲೋ

ಸಂವಿಧಾನದ 19(1)(ಜಿ) ವಿಧಿ ಪ್ರತಿ ನಾಗರಿಕನಿಗೆ ಯಾವುದೇ ವೃತ್ತಿ, ಉದ್ಯೋಗ, ವ್ಯಾಪಾರ ಮಾಡುವ ಹಕ್ಕು ಕೊಡುತ್ತದೆ. ಅದರ ಬೆನ್ನಿಗೇ 19(6) ಇದೆ. ಸಾರ್ವಜನಿಕರ ಹಿತಕ್ಕಾಗಿ ಸರ್ಕಾರ ಈ ಹಕ್ಕಿನ ಮೇಲೆ ನಿರ್ಬಂಧ ಹಾಕಬಹುದು. ಆದರೆ ಅದಕ್ಕೆ ಎರಡು ಷರತ್ತು. ನಿರ್ಬಂಧ ಕಾನೂನಿನ ಮೂಲಕವೇ ಬರಬೇಕು. ಮತ್ತು ಅದು ನ್ಯಾಯವಾಗಿರಬೇಕು, ಅಂದರೆ ಅತಿಯಾಗಿರಬಾರದು.

ಎರಡನೆಯ ಷರತ್ತಿನ ಬಗ್ಗೆ ಬಹಳ ಚರ್ಚೆ ಆಗಿದೆ. ಸಂವಿಧಾನ ಜಾರಿಗೆ ಬಂದ ಮೊದಲ ವರ್ಷದಲ್ಲೇ, 1950ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಚಿಂತಾಮಣರಾವ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಇಂದಿನ ಮಧ್ಯಪ್ರದೇಶದ ಭಾಗದಲ್ಲಿ, ಬೇಸಾಯದ ಕಾಲದಲ್ಲಿ ಹೊಲಕ್ಕೆ ಆಳು ಸಿಗಲಿ ಅಂತ, ಕೆಲವು ಹಳ್ಳಿಗಳಲ್ಲಿ ಬೀಡಿ ಕಟ್ಟುವುದನ್ನೇ ನಿಲ್ಲಿಸಿದ್ದರು. ಉದ್ದೇಶ ಸರಿ, ಆದರೆ ಹೊಲದಲ್ಲಿ ಕೆಲಸ ಮಾಡಲಾರದ ಮುದುಕರು, ಅಂಗವಿಕಲರು ಬೀಡಿ ಕಟ್ಟಿ ಬದುಕುವುದನ್ನೂ ಯಾಕೆ ತಡೆಯುತ್ತೀರಿ ಎಂದು ಕೋರ್ಟ್ ಕೇಳಿತು. ಆ ನಿಷೇಧವನ್ನು ರದ್ದು ಮಾಡಿತು. ಬೀಡಿ ಕಟ್ಟುವವರ ಸಲುವಾಗಿ ಹುಟ್ಟಿದ ಆ ಅಳತೆಗೋಲನ್ನೇ ಇವತ್ತಿಗೂ ಕೋರ್ಟುಗಳು ಬಳಸುತ್ತಿವೆ.

ಮೊದಲನೆಯ ಷರತ್ತು ಇನ್ನೂ ಸರಳ. ಅದಕ್ಕೇ ಇರಬೇಕು, ಬೇಗ ಮರೆತುಹೋಗುತ್ತದೆ. ಕಾನೂನು ಇಲ್ಲದೆ ನಿರ್ಬಂಧ ಇಲ್ಲ. ಮಂತ್ರಿಗಳಿಗೆ ಇಷ್ಟವಿಲ್ಲ ಅನ್ನುವುದು ಕಾನೂನಲ್ಲ. ಸಂಪುಟದ ತೀರ್ಮಾನ ಕಾನೂನಲ್ಲ. ನಿಯಮ ಮಾಡದೆ ಸುಮ್ನೆ ಕೂರುವುದಂತೂ ಕಾನೂನೇ ಅಲ್ಲ. 1967ರಲ್ಲಿ ಠಾಕೂರ್ ಭರತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಒಬ್ಬನಿಗೆ ತೊಂದರೆ ಆಗುವಂಥ ಸರ್ಕಾರದ ಯಾವ ಕೆಲಸಕ್ಕೂ ಕಾನೂನಿನ ಬಲ ಇರಲೇಬೇಕು.

ರಸ್ತೆಯ ವಿಷಯಕ್ಕೇ ಬಂದರೆ, 1954ರ ಸಗೀರ್ ಅಹ್ಮದ್ ತೀರ್ಪು ಇದೆ. ಉತ್ತರ ಪ್ರದೇಶ ಸರ್ಕಾರ ಖಾಸಗಿ ಬಸ್‌ಗಳನ್ನು ಒಂದು ಮಾರ್ಗದಿಂದ ಹೊರಹಾಕಿ, ತನ್ನ ಬಸ್ ಮಾತ್ರ ಬಿಡಲು ಹೊರಟಿತ್ತು. ರಸ್ತೆ ಸಾರ್ವಜನಿಕರದ್ದು, ಅದರ ಮೇಲೆ ಬಾಡಿಗೆ ಗಾಡಿ ಓಡಿಸುವುದು ಸರ್ಕಾರ ದಯೆಯಿಂದ ಕೊಟ್ಟ ಸವಲತ್ತಲ್ಲ ಎಂದು ಕೋರ್ಟ್ ಹೇಳಿತು. ಸರ್ಕಾರ ನಿಯಂತ್ರಿಸಬಹುದು. ಆದರೆ ಮೂಲದಲ್ಲಿ ಅದು ಜನರ ಹಕ್ಕು.

ನಮ್ಮ ರಾಜ್ಯಕ್ಕೆ ಒಂದು ಸಾರಿಗೆ ಉದ್ಯೋಗವನ್ನು ಮುಚ್ಚುವುದು ಹೇಗೆ ಎಂಬುದು ಗೊತ್ತಿಲ್ಲ ಎಂದೇನಿಲ್ಲ. 1976ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಖಾಸಗಿ ಕಾಂಟ್ರಾಕ್ಟ್ ಬಸ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅದನ್ನೇ ಕಾಯ್ದೆ ಮಾಡಿತು. ಮಾಲೀಕರಿಗೆ ಪರಿಹಾರದ ಲೆಕ್ಕವನ್ನೂ ಅದರಲ್ಲೇ ಬರೆಯಿತು. ಹೈಕೋರ್ಟ್ ಅದನ್ನು ಹೊಡೆದುಹಾಕಿತು, 1977ರಲ್ಲಿ ಸುಪ್ರೀಂ ಕೋರ್ಟ್ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆ ಕಾಯ್ದೆ ನನಗೆ ಇಷ್ಟವಿಲ್ಲ. ಎಷ್ಟೋ ಸಂಸಾರಗಳ ದುಡಿಮೆಯನ್ನು ಅದು ಕಿತ್ತುಕೊಂಡಿತು. ಆದರೂ ಅದರಲ್ಲಿ ಒಂದು ನೇರತನ ಇತ್ತು. ಸದನದಲ್ಲಿ ಬಂತು, ಚರ್ಚೆ ಆಯಿತು, ಅಕ್ಷರದಲ್ಲಿ ಇತ್ತು, ಕೋರ್ಟಿನಲ್ಲಿ ಪ್ರಶ್ನಿಸಲು ಒಂದು ವಸ್ತು ಇತ್ತು. ಬೈಕ್ ಟ್ಯಾಕ್ಸಿಯವರ ಎದುರು ಅಂಥದ್ದೇನೂ ಇರಲಿಲ್ಲ. ಇಲ್ಲದೇ ಇರುವ ನಿಯಮವನ್ನು ಹೇಗೆ ಪ್ರಶ್ನಿಸುತ್ತೀರಿ?

ಹಾಗಂತ ಎಲ್ಲ ವ್ಯಾಪಾರವೂ ಹಕ್ಕಲ್ಲ. ಬೆಂಗಳೂರಿನದೇ ಖೋಡೇಸ್ ಡಿಸ್ಟಿಲರಿ ಪ್ರಕರಣದಲ್ಲಿ, 1994ರಲ್ಲಿ, ಮದ್ಯದ ವ್ಯಾಪಾರ ಮೂಲಭೂತ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಅನುಮತಿಯೇ ಎಲ್ಲ. ಆದರೆ ಮನುಷ್ಯನನ್ನು ಮೆಟ್ರೊ ನಿಲ್ದಾಣದಿಂದ ಮನೆಗೆ ಬಿಡುವ ಕೆಲಸ ಆ ಗುಂಪಿಗೆ ಸೇರುವುದಿಲ್ಲ.

ಇನ್ನೊಂದು ಸಂಗತಿ ಇದೆ, ಓದುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. 19(1)(ಜಿ) ನಾಗರಿಕರ ಹಕ್ಕು. ಕಂಪನಿ ನಾಗರಿಕನಲ್ಲ ಎಂದು 1963ರಲ್ಲೇ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಹಾಗಾಗಿ ಮೇಲ್ಮನವಿಯಲ್ಲಿ ಕಂಪನಿಗಳ ಜೊತೆ ಬೈಕ್ ಮಾಲೀಕರೂ ಬಂದು ನಿಂತದ್ದು ಬಹಳ ಮುಖ್ಯವಾಯಿತು. ಪತ್ರಿಕೆಗಳ ತಲೆಬರಹದಲ್ಲಿ ಕಂಪನಿಗಳ ಹೆಸರೇ ಬಂತು. ಹಕ್ಕಿನ ನಿಜವಾದ ಒಡೆಯರು ಹೆಲ್ಮೆಟ್ ಹಾಕಿಕೊಂಡು ಬಿಸಿಲಲ್ಲಿ ನಿಂತವರು.

ಏಕಸದಸ್ಯ ಪೀಠದ ತೀರ್ಪನ್ನು ಸ್ವಾತಂತ್ರ್ಯದ ವಿರೋಧಿ ಎಂದು ಕರೆಯುವುದು ನ್ಯಾಯವಲ್ಲ. ಅದರ ಹಿಂದೆ ಒಂದು ಒಳ್ಳೆಯ ಎಚ್ಚರ ಇತ್ತು. ನೀತಿ ರೂಪಿಸುವುದು ಸರ್ಕಾರದ ಕೆಲಸ, ಕೋರ್ಟ್ ಆ ಕುರ್ಚಿಯಲ್ಲಿ ಕೂರಬಾರದು. ಅದು ಸರಿ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ನೀತಿ ಇಲ್ಲದಿದ್ದರೆ ಹಕ್ಕೂ ಇಲ್ಲ ಎಂದುಕೊಂಡರೆ, ಸರ್ಕಾರಕ್ಕೆ ಯಾವ ವೃತ್ತಿಯನ್ನು ಬೇಕಾದರೂ ಫೈಲ್ ಮುಟ್ಟದೆಯೇ ಮುಚ್ಚುವ ಅಧಿಕಾರ ಸಿಕ್ಕಿಬಿಡುತ್ತದೆ. ಕಾರಣ ಹೇಳಬೇಕಿಲ್ಲ, ಸದನಕ್ಕೆ ಉತ್ತರಿಸಬೇಕಿಲ್ಲ.

ಆಟೊದವರ ಮಾತಿನಲ್ಲಿ ಹುರುಳಿದೆ

2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ಮಾಡಿದ್ದವು. ಬೈಕ್ ಟ್ಯಾಕ್ಸಿ ನಿಲ್ಲಿಸಿ ಅನ್ನುವುದು ಅವರ ಬೇಡಿಕೆಗಳಲ್ಲಿ ಒಂದು. ಅದಕ್ಕೂ ಮೂರು ತಿಂಗಳು ಮೊದಲು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಉಚಿತವಾಗಿತ್ತು. ಆಟೊ ಹತ್ತುವವರು ಒಂದು ಕಡೆ ಬಸ್ಸಿಗೆ, ಇನ್ನೊಂದು ಕಡೆ ಬೈಕಿಗೆ ಹಂಚಿಹೋದರು.

ಆಟೊ ಓಡಿಸುವವರು ಪರ್ಮಿಟ್ ತೆಗೆದುಕೊಳ್ಳಬೇಕು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವಾಗಿದೆ ಎನ್ನುವ ಸರ್ಟಿಫಿಕೇಟ್, ಮಾಡಿಸಬೇಕು. ವಾಣಿಜ್ಯ ಇನ್ಶೂರೆನ್ಸ್ ಕಟ್ಟಬೇಕು. ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ತಾವಾಗಿ ಕಡಿಮೆ ಜಾಸ್ತಿ ಮಾಡುವಂತಿಲ್ಲ. ಇಷ್ಟೆಲ್ಲ ಮಾಡಿ ಸಾಲದ ಕಂತು ಕಟ್ಟುತ್ತಿರುವಾಗ, ಪಕ್ಕದಲ್ಲಿ ವೈಟ್ ಬೋರ್ಡ್ ಬೈಕ್ ಬಂದು ಅರ್ಧ ದುಡ್ಡಿಗೆ ಗಿರಾಕಿಯನ್ನು ಕೂರಿಸಿಕೊಂಡು ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರೂ ದುಡಿದು ತಿನ್ನುವವರೇ, ಅವರ ಹಕ್ಕೂ ಅದೇ 19(1)(ಜಿ).

ಪ್ರಯಾಣಿಕರ ಕಡೆಯಿಂದಲೂ ಒಂದು ದೊಡ್ಡ ಆತಂಕ ಇದೆ. ಖಾಸಗಿ ಬೈಕಿನ ಇನ್ಶೂರೆನ್ಸ್ ಪತ್ರ ತೆಗೆದು ನೋಡಿ. ಬಾಡಿಗೆಗೆ ಓಡಿಸಿದರೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿರುತ್ತದೆ. ಅಪಘಾತವಾಗಿ ಹಿಂದೆ ಕೂತವರಿಗೆ ಪೆಟ್ಟಾದರೆ, ಪರಿಹಾರಕ್ಕೆ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯುತ್ತದೆ. ರಾತ್ರಿ ಹೊತ್ತು ಒಂಟಿ ಹೆಣ್ಣುಮಗಳು ಗುರುತಿಲ್ಲದವನ ಬೈಕ್ ಹತ್ತುವಾಗ ಇರುವ ಭಯವೂ ಸುಳ್ಳಲ್ಲ.

ಆದರೆ ಇವೆಲ್ಲಕ್ಕೂ ಮದ್ದು ನಿಷೇಧವಲ್ಲ, ನಿಯಮ. ಹಳದಿ ಬೋರ್ಡ್ ಕೊಟ್ಟರೆ ವಾಣಿಜ್ಯ ಇನ್ಶೂರೆನ್ಸ್ ತಾನಾಗಿ ಕಡ್ಡಾಯವಾಗುತ್ತದೆ. ಪರ್ಮಿಟ್ ಕೊಟ್ಟರೆ ಚಾಲಕನ ಪೊಲೀಸ್ ವೆರಿಫಿಕೇಷನ್ ಕೇಳಬಹುದು, ಎರಡನೇ ಹೆಲ್ಮೆಟ್ ಕಡ್ಡಾಯ ಮಾಡಬಹುದು, ತಪ್ಪು ಮಾಡಿದವನ ಪರ್ಮಿಟ್ ಕಿತ್ತುಕೊಳ್ಳಬಹುದು. ಆಟೊದವರು ಹೊರುವ ಭಾರದಲ್ಲಿ ಬೈಕಿನವರೂ ಅವರ ಗಾಡಿಗೆ ತಕ್ಕ ಪಾಲು ಹೊರಲಿ. ಹೊರಗಿಟ್ಟರೆ ಇದರಲ್ಲಿ ಒಂದೂ ಆಗುವುದಿಲ್ಲ. ಜೂನ್‌ನಲ್ಲಿ ಕದ್ದು ‘ಪಾರ್ಸೆಲ್’ ಆಗಿ ಹೋದ ಪ್ರಯಾಣಿಕನಿಗೆ ಯಾವ ರಕ್ಷಣೆ ಇತ್ತು?

ಸ್ಪರ್ಧೆಯಿಂದ ಕಾಪಾಡಿ ಎನ್ನುವ ಬೇಡಿಕೆಗೆ ಕೋರ್ಟುಗಳು ಹಿಂದಿನಿಂದಲೂ ಒಂದೇ ಉತ್ತರ ಕೊಟ್ಟಿವೆ. ಆಗಿನ ಮೈಸೂರು ರಾಜ್ಯದ ನಗರ ರೈಸ್ ಅಂಡ್ ಫ್ಲೋರ್ ಮಿಲ್ಸ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಅಕ್ಕಿ ಗಿರಣಿ ಜಾಗ ಬದಲಿಸಿತು, ಅಕ್ಕಪಕ್ಕದ ಗಿರಣಿಯವರು ನಮ್ಮ ವ್ಯಾಪಾರ ಹೋಗುತ್ತದೆ ಎಂದು ಕೋರ್ಟಿಗೆ ಬಂದರು. 1970ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ವ್ಯಾಪಾರದಲ್ಲಿ ಪೈಪೋಟಿ ಬಂತು ಅಂತ ಯಾರೂ ದೂರುವಂತಿಲ್ಲ, ಈ ಹಕ್ಕಿಗೆ ಮಿತಿ ಹಾಕುವುದು ಸಾರ್ವಜನಿಕರ ಹಿತಕ್ಕೆ ಮಾಡಿದ ಕಾನೂನು ಮಾತ್ರ. 1991ರಲ್ಲಿ ಮಿಥಿಲೇಶ್ ಗರ್ಗ್ ಪ್ರಕರಣದಲ್ಲಿ ಹಳೆಯ ಬಸ್ ಮಾಲೀಕರು, ಹೊಸಬರಿಗೆ ಧಾರಾಳವಾಗಿ ಪರ್ಮಿಟ್ ಕೊಡಬೇಡಿ ಎಂದಾಗಲೂ ಕೋರ್ಟ್ ಒಪ್ಪಲಿಲ್ಲ. ಜಾಸ್ತಿ ಬಸ್ ಬಂದರೆ ಜನರಿಗೇ ಒಳ್ಳೆಯದು ಎಂದಿತು.

2026ರ ಜನವರಿ 23

ಅವತ್ತು ಶುಕ್ರವಾರ. ವಿಭು ಬಖ್ರು ಮತ್ತು ಸಿ.ಎಂ. ಜೋಶಿ ಅವರ ಪೀಠ ಮೇಲ್ಮನವಿಗಳನ್ನು ಒಪ್ಪಿ, ಏಕಸದಸ್ಯ ಪೀಠದ ತೀರ್ಪನ್ನು ಬದಿಗಿಟ್ಟಿತು. ಬೈಕ್ ಮಾಲೀಕರು ತಮ್ಮ ಗಾಡಿಯನ್ನು ಸಾರಿಗೆ ವಾಹನವಾಗಿ ನೋಂದಾಯಿಸಲು, ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ (ಪ್ರಯಾಣಿಕರನ್ನು ಬಾಡಿಗೆಗೆ ಕರೆದೊಯ್ಯುವ ಪರ್ಮಿಟ್) ಪಡೆಯಲು ಅರ್ಜಿ ಹಾಕಬಹುದು. ಸರ್ಕಾರ ಅದನ್ನು ಪರಿಶೀಲಿಸಬೇಕು. ಮೋಟಾರ್ ಸೈಕಲ್ ಸಾರಿಗೆ ವಾಹನ ಆಗಲಾರದು ಎಂಬ ಕಾರಣ ಕೊಟ್ಟು ತಿರಸ್ಕರಿಸುವಂತಿಲ್ಲ. ಬೇಕಾದ ಷರತ್ತು ಹಾಕಲು ಪ್ರಾಧಿಕಾರಕ್ಕೆ ಅವಕಾಶ ಇದೆ. ಕಂಪನಿಗಳೂ ಅಗ್ರಿಗೇಟರ್ ಲೈಸೆನ್ಸಿಗೆ ಹೊಸದಾಗಿ ಅರ್ಜಿ ಹಾಕಬಹುದು.

ಈ ತೀರ್ಪಿನಲ್ಲಿ ನನಗೆ ಹಿಡಿಸಿದ್ದು ಅದು ತನ್ನ ಗೆರೆ ದಾಟಲಿಲ್ಲ ಎನ್ನುವುದು. ಕೋರ್ಟ್ ತಾನೇ ದರ ನಿಗದಿ ಮಾಡಲಿಲ್ಲ. ಇಷ್ಟು ಬೈಕ್ ಬಿಡಿ ಎಂದು ಲೆಕ್ಕ ಹಾಕಿಕೊಡಲಿಲ್ಲ. ವೈಟ್ ಬೋರ್ಡಿನಲ್ಲೇ ಓಡಿಸಿಕೊಳ್ಳಿ ಅಂತಲೂ ಹೇಳಲಿಲ್ಲ. ಸಂಸತ್ತು ಮಾಡಿದ ಕಾಯ್ದೆಯಲ್ಲಿ ಮೊದಲೇ ಇದ್ದ ಬಾಗಿಲಿನ ಮುಂದೆ ಅಡ್ಡ ನಿಂತಿದ್ದವರನ್ನು ಸರಿಸಿತು. ಕೋರ್ಟ್ ನೀತಿ ರೂಪಿಸಬಾರದು ಎನ್ನುವವರೂ, ಕೋರ್ಟ್ ಹಕ್ಕನ್ನು ಕಾಯಬೇಕು ಎನ್ನುವವರೂ ಇದನ್ನು ಒಟ್ಟಿಗೆ ಒಪ್ಪಬಹುದು ಅಲ್ವಾ?

ಆದರೆ ಖುಷಿಯ ಜೊತೆ ಒಂದು ಕಹಿಯೂ ಇದೆ. ಜೂನ್ 16ರಿಂದ ಆಗಸ್ಟ್ ಮೂರನೇ ವಾರದವರೆಗೆ ನಿಂತ ದುಡಿಮೆಗೆ ಯಾರೂ ಲೆಕ್ಕ ಕೊಡುವುದಿಲ್ಲ. ಬೈಕಿನ ಕಂತು ಆ ತಿಂಗಳುಗಳಲ್ಲೂ ಕಟ್ಟಲೇಬೇಕಿತ್ತು. ಮೇಲ್ಮನವಿ ಗೆದ್ದವನಿಗೆ ಹಕ್ಕು ವಾಪಸ್ ಬರುತ್ತದೆ, ಹೋದ ಎರಡು ತಿಂಗಳ ದುಡಿಮೆ ಬರುವುದಿಲ್ಲ. ಬದುಕಿನ ದಾರಿಗೆ ಸಂಬಂಧಪಟ್ಟ ಅರ್ಜಿಗಳಲ್ಲಿ, ಅಂತಿಮ ತೀರ್ಪಿನ ತನಕ ಷರತ್ತಿನ ಮೇಲೆ ಕೆಲಸ ಮುಂದುವರಿಯಲು ಬಿಡುವುದೇ ಸಾಮಾನ್ಯ ಕ್ರಮ ಆಗಬೇಕು. ತಡೆಯಾಜ್ಞೆ ನಿರಾಕರಿಸಿದ ಆ ಜೂನ್ 13ರ ಆದೇಶ ಸಣ್ಣದು, ಅದರ ಪೆಟ್ಟು ದೊಡ್ಡದು.

ಇನ್ನು ಮುಂದಿನ ಪರೀಕ್ಷೆ ನಡೆಯುವುದು ಆರ್‌ಟಿಒ ಆಫೀಸುಗಳಲ್ಲಿ. ಷರತ್ತು ಹಾಕುವ ಅಧಿಕಾರ ಅವರ ಕೈಯಲ್ಲಿದೆ. ಯಾರೂ ಪೂರೈಸಲಾರದಂಥ ಷರತ್ತು ಹಾಕಿದರೆ ಅದೂ ನಿಷೇಧವೇ, ಚಿಂತಾಮಣರಾವ್ ಅಳತೆಗೋಲು ಅದಕ್ಕೂ ಅನ್ವಯಿಸುತ್ತದೆ. ಅರ್ಜಿ ಹಾಕುವವರಿಗೆ ನಾನು ಹೇಳುವುದು ಇಷ್ಟೇ. ಬಾಯಿಮಾತಿನ ‘ಆಗಲ್ಲ’ ತೆಗೆದುಕೊಂಡು ವಾಪಸ್ ಬರಬೇಡಿ. ಅರ್ಜಿಯ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಪರ್ಮಿಟ್ ನಿರಾಕರಿಸಿದ ಆದೇಶದ ಮೇಲೆ 89ನೇ ಸೆಕ್ಷನ್ ಅಡಿ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅದಕ್ಕೆ ದೊಡ್ಡ ಕಂಪನಿಯ ಬೆಂಬಲ ಬೇಕಿಲ್ಲ. ಕೈಯಲ್ಲಿ ಆ ಆದೇಶದ ಪ್ರತಿ ಇದ್ದರೆ ಸಾಕು.